ಕೊಳವೆಯೊಳಗಿನ ಗಂಧ

ನಳಿನಾ ಮೇಡಂ, ಕೊಳವೆಯೊಳಗೆ ಗಂಧ ಮೆತ್ತಿಕೊಂಡಿತ್ತು. ಅದು ನನಗೆ ಗೊತ್ತಿತ್ತು. ನೀವು ನನ್ನ ಮುಖ ನೋಡಿ ಕೇಳಿದಾಗ ಇಲ್ಲ ಅಂದೆ. ಆ ಸುಳ್ಳಿನಿಂದ ನಿಮ್ಮ ಕೆಲಸ ಹೋಯಿತು, ಹೆಸರು ಹೋಯಿತು, ವರ್ಷಗಟ್ಟಲೆ ಕೂತು ಮಾಡಿದ ಔಷಧವೂ ಹೋಯಿತು — ಅದು ಒಳ್ಳೆಯ ಔಷಧವೋ ಕೆಲಸಕ್ಕೆ ಬಾರದ್ದೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನು.

ಇಷ್ಟು ಬರೆದರೆ ಮಿಕ್ಕಿದ್ದು ತಾನಾಗಿ ಬರುತ್ತದೆ ಅಂದುಕೊಂಡಿದ್ದೆ. ಬರುತ್ತಿಲ್ಲ. ಆಗಲೇ ಮೂರು ಹಾಳೆ ಹರಿದು ಹಾಕಿದ್ದೇನೆ. ಮೂರರಲ್ಲೂ 'ಪರಿಸ್ಥಿತಿ' ಎಂಬ ಪದ ನುಸುಳಿತ್ತು — ಪರಿಸ್ಥಿತಿ ಹಾಗಿತ್ತು, ಪರಿಸ್ಥಿತಿಯ ಒತ್ತಡ... ಯಾವ ಪರಿಸ್ಥಿತಿಯೂ ಇರಲಿಲ್ಲ, ಮೇಡಂ. ನಾನಿದ್ದೆ, ಅಷ್ಟೇ. ಈ ಕಾಗದದ ಒಂದು ಪ್ರತಿ ಕಂಪನಿಗೂ ಹೋಗುತ್ತದೆ. ನಿಮ್ಮನ್ನು ಕಂಡವರು ಅಲ್ಲಿ ಈಗ ಹೆಚ್ಚು ಜನ ಉಳಿದಿಲ್ಲ. ಅದಕ್ಕೆ ನಿಮಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನಾನು ಮುನಿರಾಜು, ಅಬ್ಬಿಗೆರೆಯವನು. ಅಟ್ಟೂರಿನ ಆಚೆ ಇರುವ ಔಷಧ ಸಂಶೋಧನೆಯ ಕಂಪನಿಯಲ್ಲಿ ಇಲಿಗಳ ವಿಭಾಗದ ಕೆಲಸಗಾರ. ಸೇರಿದಾಗ ಪಂಜರ ತೊಳೆಯುತ್ತಿದ್ದೆ. ಆಮೇಲೆ ಏಟು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಏಟು ಅಂದರೆ ಏಟೇ. ಇಲಿಗೆ ಮಂಪರು ಕೊಟ್ಟು, ತಲೆಯ ಚರ್ಮ ಸೀಳಿ, ಬಿಳಿ ಮೂಳೆ ಕಾಣುವ ಹಾಗೆ ಮಾಡಿ, ಅದರ ಮೇಲೆ ಒಂದು ಉದ್ದನೆಯ ಸ್ಟೀಲ್ ಕೊಳವೆಯನ್ನು ನೆಟ್ಟಗೆ ನಿಲ್ಲಿಸುತ್ತೇವೆ. ಕೊಳವೆಯ ತುದಿಯಿಂದ ಹಿತ್ತಾಳೆಯ ಒಂದು ತೂಕವನ್ನು ಬಿಡುತ್ತೇವೆ. ತೂಕ ಸರ್ರನೆ ಇಳಿದು ಬುರುಡೆಗೆ ಬಡಿಯುತ್ತದೆ. ಮೂಳೆ ಬಿರಿಯಬಾರದು, ಒಳಗಿನ ಮಿದುಳು ಮಾತ್ರ ಜಜ್ಜಬೇಕು. ಅಡಕತ್ತರಿಯಲ್ಲಿ ಅಡಕೆ ಸಿಕ್ಕ ಹಾಗೆ ಒಂದು ಸದ್ದು — ಆ ಕೂಡಲೇ ಇಲಿಯ ಹಿಂಗಾಲು ಸೆಟೆದು ನಿಲ್ಲುತ್ತದೆ, ಬಾಲ ಅದುರುತ್ತದೆ, ಉಸಿರು ನಿಲ್ಲುತ್ತದೆ. ಒಂದು, ಎರಡು, ಮೂರು... ಬದುಕುವುದಾದರೆ ಉಸಿರು ವಾಪಸ್ ಬರುತ್ತದೆ. ಬಾರದಿದ್ದರೆ ಬಕೆಟ್ಟಿಗೆ.

ಆ ಕೆಲಸ ನನಗೆ ಇಷ್ಟವಾಗಿತ್ತು. ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಇಲಿಯ ನೋವು ಇಷ್ಟವಾಗಿತ್ತು ಅಂತಲ್ಲ. ಓದಿ ಬಂದ ಹುಡುಗರ ಕೈ ನಡುಗುತ್ತಿತ್ತು. ಒಬ್ಬರ ಏಟಿಗೆ ಮೂಳೆ ಪುಡಿ, ಇನ್ನೊಬ್ಬರ ಏಟಿಗೆ ಇಲಿ ಎದ್ದು ಓಡಾಟ. ನನ್ನ ಏಟು ಮಾತ್ರ ಹತ್ತು ಹಾಕಿದರೆ ಹತ್ತೂ ಒಂದೇ. ಬೇರೆ ವಿಭಾಗದವರು ಬಂದು ನಿಂತು ನೋಡುತ್ತಿದ್ದರು. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಎಲ್ಲಿ ಸಿಗುತ್ತದೆ? ಸಂಜೆ ಮನೆಗೆ ಹೋಗುವಾಗ ಗಾಡಿಯ ಮೇಲೆ ನನ್ನ ಕೈಯನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ನೀವು ನಮ್ಮ ವಿಭಾಗಕ್ಕೆ ವಿಜ್ಞಾನಿಯಾಗಿ ಬಂದ ಮೊದಲ ವಾರವೇ ನಿಮ್ಮ ಅಣ್ಣನ ವಿಷಯ ಹೇಳಿದಿರಿ. ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮಂಡಿಯ ಗುಮಾಸ್ತ. ಲಾರಿ ನಿಲ್ಲಿಸುವ ಜಾಗಕ್ಕೆ ಜಗಳವಾಗಿ ಒಬ್ಬ ಕಬ್ಬಿಣದ ಸಲಾಕೆಯಿಂದ ಅವರ ತಲೆಗೆ ಬಾರಿಸಿದನಂತೆ. ಅವರು ಸಾಯಲಿಲ್ಲ. ಎದ್ದು ಕೂತು, ರಕ್ತ ಒರೆಸಿಕೊಂಡು, ಆಸ್ಪತ್ರೆಯಲ್ಲಿ ಕಾಫಿ ಕೇಳಿ ಕುಡಿದರಂತೆ. ಮೂರನೇ ದಿನ ಮಿದುಳು ಊದಿಕೊಂಡಿತು. ಬುರುಡೆಯೊಳಗೆ ಊದಲು ಜಾಗ ಎಲ್ಲಿದೆ? ನಾಲ್ಕು ಜನ ಹಿಡಿದುಕೊಂಡರೂ ನಿಲ್ಲದೆ, ಮಂಚದ ಕಂಬಿಗೆ ತಲೆ ಚಚ್ಚಿಕೊಂಡು, ನಿಮ್ಮ ಕೈ ಕಚ್ಚಿ ಜೀವ ಬಿಟ್ಟರು. ಕಚ್ಚಿದ ಕಲೆ ನೀವು ತೋರಿಸಿದಿರಿ — ಹೆಬ್ಬೆರಳಿನ ಬುಡದಲ್ಲಿ, ಅರ್ಧ ಚಂದ್ರದ ಆಕಾರ.

"ಏಟು ಒಂದು ಕ್ಷಣದ್ದು, ಮುನಿರಾಜಣ್ಣ," ಅಂದಿರಿ. "ಆಮೇಲೆ ಮಿದುಳು ತನ್ನನ್ನ ತಾನೇ ಹೊಡ್ಕೊಳ್ಳುತ್ತೆ. ಆ ಎರಡನೇ ಏಟು ನಿಲ್ಲಿಸ್ಬೇಕು, ಅಷ್ಟೇ ನನಗೆ."

ಅದೇ ನಿಮ್ಮ ಔಷಧ. ಗಾಯವಾದ ಕಡೆಗೆ ಮೈಯ ಕಾವಲಿನ ಜೀವಕೋಶಗಳು ನುಗ್ಗುತ್ತವೆ, ರಿಪೇರಿಗೆ ಬಂದವು ರೊಚ್ಚಿಗೆದ್ದು ಚೆನ್ನಾಗಿರುವ ಭಾಗವನ್ನೂ ಕೊಲ್ಲುತ್ತವೆ. ಆ ರೊಚ್ಚನ್ನು ಇಳಿಸುವುದಕ್ಕೆ ಒಂದು ಸೂಜಿ. ಆರು ಬಗೆಯದನ್ನು ಮಾಡಿ ನೋಡಿ ಬಿಟ್ಟಿರಿ. ಏಳನೆಯದರ ಮೇಲೆ ನಿಮಗೆ ನಂಬಿಕೆ ಬಂತು. ನಾವು ಅದನ್ನು ಏಳನೇ ನಂಬರ್ ಅಂತಲೇ ಕರೆಯುತ್ತಿದ್ದೆವು.

ಪರೀಕ್ಷೆಯ ಕ್ರಮ ಸರಳ. ಎಲ್ಲ ಇಲಿಗಳಿಗೂ ಒಂದೇ ಏಟು. ಅರ್ಧಕ್ಕೆ ಔಷಧದ ಸೂಜಿ, ಅರ್ಧಕ್ಕೆ ಬರೀ ಉಪ್ಪುನೀರಿನ ಸೂಜಿ. ಮೂರನೇ ದಿನ ಇಲಿಗಳನ್ನು ಮುಗಿಸಿ, ಮಿದುಳು ತೆಗೆದು, ತೆಳ್ಳಗೆ ಕುಯ್ದು ನೋಡುವುದು. ನೋಡುವವರಿಗೆ ಯಾವುದು ಯಾವುದೆಂದು ಹೇಳುವುದಿಲ್ಲ. ದಿನಾ ಎರಡೂ ಗುಂಪಿನ ಇಲಿಗಳನ್ನು ಬೆರೆಸಿ ಏಟು ಹಾಕಬೇಕು ಅನ್ನುವುದು ನಿಯಮ. ಆ ನಿಯಮ ಮುರಿಸಿದ್ದೂ ನಾನೇ. ಆಯುಧಪೂಜೆ ಹತ್ತಿರ ಬಂದಿತ್ತು, ಏಳನೇ ನಂಬರಿನ ಹೊಸ ಬಾಟಲಿಗಳು ಹಬ್ಬ ಕಳೆದ ಮೇಲೆ ಬರುವುದಿತ್ತು. ಸುಮ್ಮನೆ ಕೂರುವ ಬದಲು ಉಪ್ಪುನೀರಿನ ಇಲಿಗಳನ್ನೆಲ್ಲ ಈಗಲೇ ಮುಗಿಸುತ್ತೇನೆ, ಔಷಧದವನ್ನು ಹಬ್ಬವಾದ ಮೇಲೆ ಮಾಡೋಣ ಅಂದೆ. ಬೆರೆಸಿಯೇ ಮಾಡಬೇಕಲ್ಲ ಅಂತ ನೀವು ಹಿಂಜರಿದಿರಿ.

"ಏಟು ಒಂದೇ ಮೇಡಂ," ಅಂದೆ. "ಇವತ್ತು ಬಿದ್ರೂ ಅದೇ, ಹಬ್ಬ ಆದ್ಮೇಲೆ ಬಿದ್ರೂ ಅದೇ. ಹೊಡೆಯೋನು ನಾನಲ್ವಾ?"

ನೀವು ನಕ್ಕು ಒಪ್ಪಿದಿರಿ. ನಿಮ್ಮ ಮೇಲೆ ಬಂದ ಆಪಾದನೆಯಲ್ಲಿ ಇದೂ ಒಂದಾಯಿತು — ನಿಯಮ ಮುರಿದು ತಮಗೆ ಬೇಕಾದ ಹಾಗೆ ಇಲಿಗಳನ್ನು ವಿಂಗಡಿಸಿದರು ಅಂತ. ಆ ಸಲಹೆ ಮುನಿರಾಜುವಿನದು ಅಂತ ನೀವು ಎಲ್ಲೂ ಬರೆಯಲಿಲ್ಲ.

ಹಬ್ಬದ ದಿನ ಯಂತ್ರಗಳನ್ನೆಲ್ಲ ನಾನೇ ತೊಳೆದೆ. ಸೂಕ್ಷ್ಮದರ್ಶಕಕ್ಕೆ, ತಕ್ಕಡಿಗೆ, ಫ್ರಿಜ್ಜಿಗೆ, ಎಲ್ಲಕ್ಕೂ ಗಂಧ, ಕುಂಕುಮ, ಸೇವಂತಿಗೆ. ನನ್ನ ಕೊಳವೆಗೆ ಮಾತ್ರ ಸ್ವಲ್ಪ ಜಾಸ್ತಿ — ಅನ್ನ ಕೊಟ್ಟದ್ದಲ್ಲವೇ? ಪನ್ನೀರಿನಲ್ಲಿ ಕಲಸಿದ ಗಂಧ ನೀರಾಗಿತ್ತು. ಕೊಳವೆಯ ಬಾಯಿಯ ಸುತ್ತ ಬಳಿದು, ಮೇಲೆ ಕುಂಕುಮವಿಟ್ಟು, ಒಂದು ಹೂವನ್ನು ಬಾಯಿಗೇ ಸಿಕ್ಕಿಸಿದೆ. ಮಂಗಳಾರತಿಯಾದ ಮೇಲೆ ನಿರ್ದೇಶಕರು ಬೂದುಗುಂಬಳಕಾಯಿ ಒಡೆಯಲು ನನಗೇ ಹೇಳಿದರು. ಗೇಟಿನ ಮುಂದೆ ಎತ್ತಿ ಕುಕ್ಕಿದೆ. ಒಳಗೆ ತುಂಬಿದ್ದ ಕುಂಕುಮ ನೆಲಕ್ಕೆಲ್ಲ ಚಿಮ್ಮಿತು, ನಿಮ್ಮ ಸೀರೆಯ ಅಂಚಿಗೂ ಹಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಪೂಜೆಗಿಟ್ಟ ಕುಂಕುಮವನ್ನು ನಮ್ಮಲ್ಲಿ ಯಾರೂ ಮಾರನೇ ದಿನವೇ ಒರೆಸುವುದಿಲ್ಲ. ಲಾರಿಯಿರಲಿ, ಹೊಲಿಗೆ ಯಂತ್ರವಿರಲಿ, ಅದಾಗೇ ಅಳಿಸಿ ಹೋಗುವವರೆಗೂ ಬಿಡುತ್ತೇವೆ. ನಾನೂ ಬಿಟ್ಟೆ. ದಿನಾ ಬೆಳಿಗ್ಗೆ ಕೊಳವೆಯ ಒಳಗನ್ನು ಕೋಲಿಗೆ ಸುತ್ತಿದ ಹತ್ತಿಯಿಂದ ಒರೆಸಿ, ಗೋಡೆಯ ಮೇಲಿನ ಪಟ್ಟಿಯಲ್ಲಿ ಗುರುತು ಹಾಕಬೇಕಿತ್ತು. ಒರೆಸಲಿಲ್ಲ, ಗುರುತು ಹಾಕಿದೆ. ನಾಲ್ಕು ದಿನ ಹಾಕಿದೆ. ಆ ನಾಲ್ಕು ದಿನವೂ ಏಳನೇ ನಂಬರಿನ ಇಲಿಗಳದ್ದೇ.

ಮೊದಲ ಇಲಿಗೆ ತೂಕ ಬಿಟ್ಟಾಗಲೇ ಸದ್ದು ಬೇರೆಯಾಗಿತ್ತು, ಮೇಡಂ. ಮೆತ್ತಗಿತ್ತು. ಇಲಿಯ ಕಾಲು ಸೆಟೆಯಿತು, ಆದರೆ ಉಸಿರು ಬೇಗ ಬಂತು. ಕೈಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ, ವರ್ಷಗಟ್ಟಲೆ ಕೇಳಿದ ಕಿವಿ. ಆದರೂ ಇಲಿ ಗಟ್ಟಿ ಇರಬೇಕು ಅಂದುಕೊಂಡೆ. ಎರಡನೆಯದಕ್ಕೂ ಹಾಗೇ ಅಂದುಕೊಂಡೆ. ಮೂರನೆಯದರ ಹೊತ್ತಿಗೆ — ನಿಜ ಬರೆಯಬೇಕಲ್ಲವೇ — ಅಂದುಕೊಳ್ಳುವುದನ್ನೇ ಬಿಟ್ಟೆ.

ಐದನೇ ದಿನ ಕೊಳವೆಯೊಳಗೆ ಕೋಲು ಹಾಕಿದೆ. ಹತ್ತಿ ಅರ್ಧದಲ್ಲೇ ಸಿಕ್ಕಿಕೊಂಡಿತು. ಎಳೆದರೆ ಹಳದಿ, ಕೆಂಪು, ಗಟ್ಟಿ ಹಕ್ಕಳೆ, ಅದರೊಳಗೆ ಅರೆದು ಹೋದ ಸೇವಂತಿಗೆಯ ಎಸಳು. ಗಂಧ ಒಳಗೋಡೆಯಲ್ಲಿ ಇಳಿದು ಒಣಗಿತ್ತು. ಬೀಳುವ ತೂಕ ಅದನ್ನು ಉಜ್ಜಿಕೊಂಡು ಇಳಿದಿತ್ತು, ಅಷ್ಟಕ್ಕೆ ಅದರ ಓಟ ಕುಂದಿತ್ತು. ಉಪ್ಪುನೀರಿನ ಇಲಿಗಳಿಗೆ ಪೂರಾ ಏಟು ಬಿದ್ದಿತ್ತು, ನಿಮ್ಮ ಔಷಧದ ಇಲಿಗಳಿಗೆ ಅರೆ ಏಟು. ಆಗಲೇ ಬಂದು ಹೇಳಿದ್ದರೆ ಏನಾಗುತ್ತಿತ್ತು? ನೀವು ಸ್ವಲ್ಪ ಬೈಯುತ್ತಿದ್ದಿರಿ. ಒಂದು ತಂಡ ಇಲಿ ದಂಡವಾಗುತ್ತಿತ್ತು. ಅಷ್ಟೇ.

ನಾನು ಕೊಳವೆ ತೊಳೆದು ಇಟ್ಟೆ. ಆ ಹತ್ತಿಯನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ, ಪೂಜೆಯ ಕುಂಕುಮ ಅಂತ. ಒಂದು ಮಾದರಿ ಬಾಟಲಿಗೆ ತುಂಬಿದೆ. ಬಾಟಲಿಗೆ ತುಂಬಿದ ಮೇಲೆ ಕೈ ತನ್ನ ಅಭ್ಯಾಸದಂತೆ ಲೇಬಲ್ ಬರೆಯಿತು — ದಿನ, ಯಂತ್ರ, ನನ್ನ ಹೆಸರು. ಆ ಬಾಟಲಿ ಒಂಬತ್ತು ವರ್ಷದಿಂದ ನಮ್ಮ ಮನೆಯ ದೇವರ ಗೂಡಿನ ಹಿಂದೆ ಇದೆ.

ಫಲಿತಾಂಶ ಬಂದ ದಿನ ನಿಮ್ಮನ್ನು ನೋಡಬೇಕಿತ್ತು. ಔಷಧದ ಇಲಿಗಳ ಮಿದುಳು ಊದಿರಲಿಲ್ಲ. ನೀವು ಇಲಿಗಳ ಕೋಣೆಗೆ ಓಡಿ ಬಂದು, ಅಲ್ಲೇ ಮೇಜಿಗೆ ತಲೆಯಿಟ್ಟು ಅತ್ತಿರಿ. ಅಣ್ಣನ ಹೆಸರು ಹೇಳಿಕೊಂಡು ಅತ್ತಿರಿ. ಆಗ ನನ್ನ ಬಾಯಿಗೆ ಬಂದಿತ್ತು, ನಿಜವಾಗಿ ಬಂದಿತ್ತು... ಅಷ್ಟರಲ್ಲಿ ನೀವು ತಲೆಯೆತ್ತಿ, ಪ್ರಕಟವಾಗುವ ಲೇಖನದಲ್ಲಿ ನನ್ನ ಹೆಸರನ್ನೂ ಹಾಕುತ್ತೇನೆ ಅಂದಿರಿ. ವಿಜ್ಞಾನಿಗಳ ಸಾಲಿನಲ್ಲಿ, ಅಚ್ಚಿನಲ್ಲಿ ನನ್ನ ಹೆಸರು. ನಾನು ಬಾಯಿ ಮುಚ್ಚಿದೆ. ಆಮೇಲೆ ಆ ಹಾಳೆಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗು ಹಾಕಿದೆ. ಮನೆಗೆ ಬಂದ ನೆಂಟರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದೆ.

ಲೇಖನ ಬಂದ ಮೇಲೆ ಕಂಪನಿಯವರು ಎರಡನೇ ಸಲ ಮಾಡಿ ತೋರಿಸಿ ಅಂದರು. ನಿಯಮ ಅದು, ತಪ್ಪೇನಲ್ಲ. ಈ ಸಲ ನೀವು ಇಲಿಗಳನ್ನು ಸರಿಯಾಗಿ ಬೆರೆಸಿದಿರಿ. ಕೊಳವೆಯೂ ಚೊಕ್ಕವಾಗಿತ್ತು. ಹಾಗೇ ಬಿಟ್ಟಿದ್ದರೂ ನಿಮ್ಮ ಔಷಧದ ಯೋಗ್ಯತೆ ಏನೆಂದು ತಿಳಿಯುತ್ತಿತ್ತು. ನನಗೆ ಭಯ — ಹಿಂದಿನ ಏಟು ಮೆತ್ತಗಿತ್ತೇನೋ ಅಂತ ಅನುಮಾನ ಬಂದು ಯಾರಾದರೂ ಈಗ ನಿಂತು ನೋಡಿದರೆ? ಈ ಸಲ ಯಾರೂ ಮೆತ್ತಗೆ ಅನ್ನಬಾರದು ಅಂತ, ಮನೆಯಿಂದ ಹೊಲಿಗೆ ಯಂತ್ರದ ಎಣ್ಣೆ ತಂದು ಕೊಳವೆಯ ಒಳಗೆ ಸವರಿದೆ. ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ಯಾರಿಗೂ ಗೊತ್ತಿಲ್ಲ. ತೂಕ ಎಂದೂ ಇಲ್ಲದ ವೇಗದಲ್ಲಿ ಇಳಿಯಿತು.

ಆ ಎರಡು ವಾರ ನೆನಪಿದೆಯಲ್ಲ? ಬುರುಡೆ ಬಿರಿದು ಮಿದುಳು ಹೊರಗೆ ಬಂದ ಇಲಿಗಳು. ಮೂಗು ಕಿವಿಯಲ್ಲಿ ರಕ್ತ. ಮಂಪರು ಇಳಿದ ಮೇಲೆ ಪಂಜರದಲ್ಲಿ ಸುತ್ತು ಸುತ್ತು ತಿರುಗಿ, ಕಂಬಿ ಕಚ್ಚಿ, ಹಲ್ಲು ಮುರಿದುಕೊಂಡು ಸತ್ತವು. ಔಷಧ ಹಾಕಿದವೂ ಸತ್ತವು, ಉಪ್ಪುನೀರಿನವೂ ಸತ್ತವು. ಬಕೆಟ್ಟು ದಿನಕ್ಕೆ ಎರಡು ಸಲ ತುಂಬುತ್ತಿತ್ತು. ಮೊದಲು ಗಂಧದ ಅರೆ ಏಟು, ಆಮೇಲೆ ಎಣ್ಣೆಯ ಒಂದೂವರೆ ಏಟು. ನಿಮ್ಮ ಔಷಧಕ್ಕೆ ನ್ಯಾಯವಾದ ಒಂದು ಏಟು ಕೊನೆಗೂ ಸಿಗಲಿಲ್ಲ.

ನೀವು ದಡ್ಡರಲ್ಲ. ಒಂದು ಮಧ್ಯಾಹ್ನ ನನ್ನ ಮುಂದೆ ಬಂದು ನಿಂತು, ಏಟು ಇಷ್ಟು ಜೋರಾಗಿ ಯಾಕೆ ಬೀಳುತ್ತಿದೆ ಅಂತ ಕೇಳಿದಿರಿ. ಹಬ್ಬದ ಹೊತ್ತಿನಲ್ಲಿ ಕೊಳವೆಗೆ ಏನಾದರೂ ಆಗಿತ್ತೇ, ಒಳಗೆ ಏನಾದರೂ ಇತ್ತೇ ಅಂತ ಕೇಳಿದಿರಿ. ನೇರವಾಗಿ ಕೇಳಿದಿರಿ.

"ಏನೂ ಇರ್ಲಿಲ್ಲ," ಅಂದೆ. "ನನ್ನ ಕೈ ಮೇಲೆ ನಂಬಿಕೆ ಇಲ್ವಾ ಮೇಡಂ?"

"ಇದೆ," ಅಂದಿರಿ.

ಆಮೇಲೆ ಕೈಗವಸು ಹಾಕಿಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ, ನೀವೇ ತೂಕ ಎತ್ತಿದಿರಿ. ಅಲ್ಲಿಯವರೆಗೆ ನೀವು ಒಂದು ಇಲಿಗೂ ಏಟು ಹಾಕಿದವರಲ್ಲ. ಅವತ್ತು ಒಂದರ ಹಿಂದೆ ಒಂದು ಹಾಕಿದಿರಿ. ನಿಮ್ಮ ಕನ್ನಡಕಕ್ಕೆ ರಕ್ತ ಸಿಡಿಯಿತು, ಒರೆಸಿಕೊಳ್ಳಲಿಲ್ಲ. ಸಾಕು ಮೇಡಂ ಅಂದೆ. ನಿಲ್ಲಿಸಲಿಲ್ಲ. ಕೊನೆಗೆ ಒಂದು ಇಲಿಗೆ ಮಂಪರು ಸರಿಯಾಗಿ ಹತ್ತಿರಲಿಲ್ಲ, ಅದು ಕೂಗಿತು. ಇಲಿ ಕೂಗಿದರೆ ಎಳೆ ಮಗುವಿನ ಹಾಗೆ ಕೇಳುತ್ತದೆ. ನೀವು ಅಲ್ಲೇ ನೆಲದ ಮೇಲೆ ಕುಸಿದು, ಹೆಬ್ಬೆರಳಿನ ಆ ಕಲೆಯನ್ನು ಕಚ್ಚಿ ಹಿಡಿದುಕೊಂಡಿರಿ. ಎಣ್ಣೆಯ ಬಾಟಲಿ ನನ್ನ ಜೇಬಿನಲ್ಲೇ ಇತ್ತು.

ನಿರ್ದೇಶಕರ ಕೋಣೆಗೆ ನನ್ನನ್ನೂ ಕರೆದಿದ್ದರು. ಮೊದಲನೆಯ ಅಂಕಿಗಳು ಸುಳ್ಳು, ನೀವೇ ಕೂತು ಬರೆದದ್ದು ಅಂತ ನಿರ್ದೇಶಕರು ಕಿರುಚಿದರು. ಅಲ್ಲ ಅಂದಿರಿ. ಅವರು ಕಡತವನ್ನು ಎತ್ತಿ ನಿಮ್ಮ ಮುಖಕ್ಕೆ ಎಸೆದರು. ಅದರ ಕಬ್ಬಿಣದ ಪಟ್ಟಿ ತಗುಲಿ ಹುಬ್ಬು ಸೀಳಿತು, ರಕ್ತ ಕಣ್ಣಿಗೆ ಇಳಿಯಿತು. ಕೋಣೆಯಲ್ಲಿ ಐದು ಜನರಿದ್ದೆವು, ಒಬ್ಬರೂ ಏಳಲಿಲ್ಲ. ನಾನು ಜೇಬಿನಿಂದ ಹತ್ತಿ ತೆಗೆದು ಕೊಟ್ಟೆ. ಕೊಳವೆ ಒರೆಸುವ ಹತ್ತಿ. ನೀವು ಅದನ್ನು ಹುಬ್ಬಿಗೆ ಒತ್ತಿಕೊಂಡು ನನಗೆ ಥ್ಯಾಂಕ್ಸ್ ಹೇಳಿದಿರಿ. ಆ ಒಂದು ಮಾತು, ಮೇಡಂ... ಅದನ್ನು ನಾನು ಇವತ್ತಿಗೂ ನುಂಗಲಾರೆ.

ಆಮೇಲೆ ಕಂಪನಿ ಕೂರಿಸಿದ ವಿಚಾರಣೆಯವರು ಯಂತ್ರದಲ್ಲಿ ದೋಷವಿತ್ತೇ ಅಂತ ಬರೆದು ಕೇಳಿದ್ದರು. ನಿಮಗೆ ಉಳಿದಿದ್ದ ಬಾಗಿಲು ಅದೊಂದೇ. 'ಇರಬಹುದು' ಅಂತ ನೀವು ಬರೆದಿದ್ದರೆ ಯಂತ್ರವನ್ನು ಬಿಚ್ಚಿ ನೋಡುತ್ತಿದ್ದರು, ಎಣ್ಣೆಯಾದರೂ ಸಿಗುತ್ತಿತ್ತು. ನೀವು ಬರೆದದ್ದು ಬೇರೆ. ಯಂತ್ರ ಸರಿಯಾಗಿತ್ತು, ಅದನ್ನು ನೋಡಿಕೊಳ್ಳುವವರ ಕೈಯ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ, ಅವರನ್ನು ಇದಕ್ಕೆ ಎಳೆಯಬೇಡಿ ಅಂತ. ಯಂತ್ರ ಸರಿಯಿದ್ದ ಮೇಲೆ ಅಂಕಿ ಸುಳ್ಳಾದದ್ದು ನಿಮ್ಮಿಂದಲೇ ಅಂತ ತೀರ್ಮಾನವಾಯಿತು. ಲೇಖನ ಹಿಂದಕ್ಕೆ ತೆಗೆದರು. ಅದರಲ್ಲಿ ನನ್ನ ಹೆಸರೂ ಇತ್ತು, ಆದರೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಏಟು ಹಾಕುವವನ ಹೆಸರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ನೀವೊಬ್ಬರು ಹಿಡಿದಿರಿ.

ನೀವು ಪೆಟ್ಟಿಗೆ ಹಿಡಿದು ಗೇಟು ದಾಟಿದ ಸಂಜೆ ಮನೆಗೆ ಬಂದೆ. ನನ್ನ ಹೆಂಡತಿ ಜಯಮ್ಮ ಸುದ್ದಿ ಕೇಳಿದ್ದಳು. ನಡುಮನೆಯ ಕಟ್ಟಿನ ಕಡೆ ಕೈ ತೋರಿಸಿ, ಇದರಾಗೆ ನಿಮ್ಮೆಸ್ರೂ ಐತಲ್ಲ, ಆ ಯಮ್ಮ ನಿಜವಾಗ್ಲೂ ಸುಳ್ ಬರದ್ಲಾ ಅಂತ ಕೇಳಿದಳು. ಬೇರೇನೂ ಕೇಳಲಿಲ್ಲ. ನಾನು ಕೈಗೆ ಸಿಕ್ಕ ಹಿತ್ತಾಳೆಯ ಚೊಂಬನ್ನು ಬೀಸಿದೆ. ಅದು ಅವಳ ಎಡಗಿವಿಗೆ ಬಿತ್ತು. ಅಳತೆಯಿಲ್ಲದ ಏಟು, ನನ್ನ ಜನ್ಮದಲ್ಲಿ ಅದೊಂದು. ಅವಳು ಗೋಡೆಗೆ ಒರಗಿ ಕೂತಳು. ಕಿವಿಯಿಂದ ರಕ್ತ ಇಳಿದು ರವಿಕೆ ನೆನೆಯಿತು. ನಾನು ನಿಂತು ಅವಳ ಉಸಿರನ್ನು ಎಣಿಸುತ್ತಿದ್ದೆ — ಒಂದು, ಎರಡು, ಮೂರು... ಅಭ್ಯಾಸ. ಡಾಕ್ಟರ ಹತ್ತಿರ ಅವಳು ಬಚ್ಚಲಲ್ಲಿ ಜಾರಿ ಬಿದ್ದೆ ಅಂದಳು. ಆ ಕಿವಿ ಇವತ್ತಿಗೂ ಕೇಳುವುದಿಲ್ಲ.

ನಿಮ್ಮನ್ನು ಹುಡುಕಿಕೊಂಡು ಒಂದು ಸಲ ಬಂದಿದ್ದೆ. ಟಿ. ದಾಸರಹಳ್ಳಿಯಲ್ಲಿ ಬೇಕರಿಯೊಂದರ ಮೇಲೆ ಮಕ್ಕಳಿಗೆ ಪಾಠ ಹೇಳುತ್ತೀರಿ ಅಂತ ಯಾರೋ ಹೇಳಿದ್ದರು. ಮೆಟ್ಟಿಲ ಅರ್ಧಕ್ಕೆ ಬಂದಿದ್ದೆ. ಒಳಗೆ ನಿಮ್ಮ ದನಿ — ಮಿದುಳಿನ ಸುತ್ತ ಎಷ್ಟು ಮೂಳೆ ಅಂತ ಕೇಳುತ್ತಿದ್ದಿರಿ. ಎಂಟು ಅಂತ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ನಾನು ಇಳಿದು ಹೋದೆ. ಅದಾಗಿ ನಾಲ್ಕು ವರ್ಷ. ದಿನಾ ಹೆಬ್ಬಾಳದ ಕಡೆ ಆಂಬುಲೆನ್ಸ್ ಕೂಗಿಕೊಂಡು ಹೋದಾಗಲೆಲ್ಲ ಒಳಗೆ ಯಾರ ತಲೆ ಒಡೆದಿದೆಯೋ, ಮೂರನೇ ದಿನ ಏನಾಗುತ್ತದೋ ಅನ್ನಿಸುತ್ತದೆ. ಏಳನೇ ನಂಬರ್ ಅವರಿಗೆ ಆಗಿಬರುತ್ತಿತ್ತೋ ಇಲ್ಲವೋ. ಗೊತ್ತಿಲ್ಲ ಅನ್ನುವುದೇ ನನ್ನ ಅಪರಾಧ. ಗೊತ್ತಿದ್ದು ಕೆಟ್ಟದ್ದಾಗಿದ್ದರೂ ಇಷ್ಟು ಕಾಡುತ್ತಿರಲಿಲ್ಲ.

ಈ ವರ್ಷದ ಆಯುಧಪೂಜೆಯಲ್ಲಿ ಇನ್ನೊಂದು ನಡೆಯಿತು. ವಿಭಾಗಕ್ಕೆ ಹೊಸದಾಗಿ ಬಂದ ಮೇಡಂ, ಒಳ್ಳೆಯವರು, ಗಂಧದ ಬಟ್ಟಲು ಹಿಡಿದು ಎಲ್ಲ ಯಂತ್ರಕ್ಕೂ ಇಡುತ್ತ ಬಂದರು. ಈಚಿನ ವರ್ಷಗಳಲ್ಲಿ ಕೊಳವೆಯನ್ನು ನಿಲ್ಲಿಸುವ ಕಂಬಕ್ಕಷ್ಟೇ ಗಂಧ ಇಡುವವನು ನಾನು, ಅದನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಅವರ ಬೆರಳು ಕೊಳವೆಯ ಬಾಯಿಗೆ ಹೋಯಿತು. ನನಗೆ ಏನಾಯಿತೋ. ಅವರ ಮಣಿಕಟ್ಟು ಹಿಡಿದು ತಿರುಚಿ ಎಳೆದೆ. ಬಟ್ಟಲು ಬಿತ್ತು, ಗಾಜಿನ ಬಳೆ ಮೂರೂ ಒಡೆದು ಕೈಗೆ ಚುಚ್ಚಿಕೊಂಡವು. ಮುತ್ತೈದೆಯ ಬಳೆ, ಹಬ್ಬದ ದಿನ. ಯಾಕ್ರೀ ಅಂತ ಅವರು ಮೆಲ್ಲಗೆ ಕೇಳಿದರು. ಕೊಳವೆಗೆ ಬೇಡ ಅಂದೆ, ಅಷ್ಟೇ ಬಂತು ಬಾಯಿಗೆ. ಅಷ್ಟರಲ್ಲಿ ಹೊರಗಿದ್ದವರು ಓಡಿ ಬಂದರು, ಏನಾಯಿತು ಅಂದರು. ಆ ಮೇಡಂ ಕರವಸ್ತ್ರ ಸುತ್ತಿಕೊಳ್ಳುತ್ತ, "ಏನಿಲ್ಲ, ಮೇಜಿಗೆ ತಗುಲ್ತು," ಅಂದರು.

ಅಲ್ಲಿಗೆ ಮೂರು ಜನ ಆಯಿತು, ಮೇಡಂ. ನನ್ನ ಕೈಯನ್ನು ಕಾಪಾಡಲು ಸುಳ್ಳು ಹೇಳಿದವರು ಇಬ್ಬರು, ಸುಳ್ಳೆಂದು ತಿಳಿಯದೆ ಬರೆದುಕೊಟ್ಟವರು ನೀವು. ಮಾರನೇ ದಿನ ಆ ಮೇಡಂ ಹತ್ತಿರ ಹೋಗಿ ಕ್ಷಮೆ ಕೇಳಿದೆ, ಕಾರಣವನ್ನೂ ಹೇಳಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅದು ನನ್ನ ಬಾಯಿಂದ ಹೊರಗೆ ಬಿತ್ತು. ಅವರು ಬೈಯಲಿಲ್ಲ. ಆ ಏಳನೇ ನಂಬರ್ ಮಾಡುವ ವಿಧಾನ ಇನ್ನೂ ಯಾರ ಹತ್ತಿರವಾದರೂ ಇದೆಯೇ ಅಂತ ಮಾತ್ರ ಕೇಳಿದರು. ನಿಮ್ಮ ಹತ್ತಿರ ಇರುತ್ತದೆ ಅಂದೆ.

ಈ ಕಾಗದದ ಜೊತೆ ಹತ್ತಿಯ ಬಾಟಲಿಯನ್ನೂ ಕಳಿಸುತ್ತೇನೆ, ಅದರ ಮೇಲೆ ನನ್ನ ಅಕ್ಷರದ ಲೇಬಲ್ ಇದೆ. ಒರೆಸದೆ ಗುರುತು ಹಾಕಿದ ಆ ನಾಲ್ಕು ದಿನಗಳನ್ನೂ ಎಣ್ಣೆ ಹಾಕಿದ ಎರಡು ವಾರಗಳನ್ನೂ ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿದ್ದೇನೆ. ಕಂಪನಿಗೆ ಹೋಗುವ ಪ್ರತಿಯಲ್ಲೂ ಆ ಹಾಳೆ ಇರುತ್ತದೆ. ನನಗೆ ಇನ್ನೂ ಎರಡು ವರ್ಷ ಸರ್ವೀಸ್ ಇದೆ, ಅದು ಉಳಿಯುವುದಿಲ್ಲ, ಉಳಿಯಬಾರದು. ಕ್ಷಮಿಸಿ ಅಂತ ನಾನು ಕೇಳುವುದಿಲ್ಲ. ನೀವು ಎಲ್ಲಿಗೆ ಕರೆದರೂ, ಯಾರ ಮುಂದೆ ನಿಲ್ಲಿಸಿದರೂ ಬಂದು ಇದನ್ನೇ ಹೇಳುತ್ತೇನೆ. ಆ ಔಷಧಕ್ಕೆ ಇನ್ನೊಂದು ಸಲ ಪರೀಕ್ಷೆಯಾಗುವುದಾದರೆ, ತೂಕ ಬಿಡುವ ಕೈ ಮಾತ್ರ ನನ್ನದಾಗದಿರಲಿ.

ಬರೆದು ಮುಗಿಸಿ ಇದನ್ನೆಲ್ಲ ಜಯಮ್ಮನಿಗೆ ಓದಿ ಹೇಳಿದೆ. ಅವಳ ಬಲಗಡೆ ಕೂತು ಓದಿದೆ, ಎಡಗಡೆ ಕೂತರೆ ಕೇಳುವುದಿಲ್ಲ. ಎಣ್ಣೆಯ ವಿಷಯ ಬಂದಾಗ ಅವಳು ಹೊಲಿಗೆ ಯಂತ್ರದ ಕಡೆ ಒಂದು ಸಲ ನೋಡಿದಳು. ಚೊಂಬಿನ ಭಾಗ ಬಂದಾಗ ನನಗೆ ಓದಲಾಗಲಿಲ್ಲ. ಹಾಳೆ ತಿರುವಿ, ಮುಂದಿನದಕ್ಕೆ ಹೋಗಿಬಿಟ್ಟೆ. ಕೊನೆಯವರೆಗೆ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ನನ್ ಕಿವಿ ವಿಸ್ಯ ಬರದ್ರಾ?"

"ಬರ್ದಿದೀನಿ. ಓದಕ್ಕಾಗ್ಲಿಲ್ಲ."

"ಓದಿ," ಅಂದಳು.

ಓದಿದೆ. ಬಚ್ಚಲಲ್ಲಿ ಜಾರಿದೆ ಅಂತ ಅವಳು ಹೇಳಿದ್ದನ್ನೂ ಓದಿದೆ. ಅವಳು ಎದ್ದು ಹೋಗಿ ದೇವರ ಗೂಡಿನ ಹಿಂದಿನಿಂದ ಆ ಬಾಟಲಿ ತಂದು ನನ್ನ ಮುಂದೆ ಇಟ್ಟಳು. ಅದು ಅಲ್ಲಿರುವುದು ಅವಳಿಗೆ ಗೊತ್ತಿತ್ತು, ಮೇಡಂ. ಒಂಬತ್ತು ವರ್ಷವೂ ಗೊತ್ತಿತ್ತಂತೆ, ಹಬ್ಬಕ್ಕೆ ಗೂಡು ಒರೆಸುವಾಗೆಲ್ಲ ಅದನ್ನು ತೆಗೆದು, ಮತ್ತೆ ಅಲ್ಲೇ ಇಡುತ್ತಿದ್ದಳಂತೆ.

"ಅಂಗಾದ್ರೆ ಕಳ್ಸಿ," ಅಂದಳು.

ಕಳುಹಿಸುತ್ತಿದ್ದೇನೆ.